ನಮ್ಮ ಬೀದಿಯ ಆ ಒಂದು ಓಟು

ಚುನಾವಣೆ ಘೋಷಣೆಯಾಯಿತು ಎಂದು ರೇಡಿಯೋದಲ್ಲಿ ಬಂದರೆ ಸಾಕು, ಈ ಸಲ ಡ್ಯೂಟಿ ಎಲ್ಲಿ ಬೀಳುತ್ತದೋ ಎಂದು ನನ್ನ ಲೆಕ್ಕ ಶುರು. ಮೂವತ್ತು ವರ್ಷ ಟೀಚರ್ ಆಗಿದ್ದವಳು ನಾನು. ಅಷ್ಟರಲ್ಲಿ ಬಂದ ಚುನಾವಣೆಗಳಲ್ಲಿ ಒಂದಾದರೂ ನಮ್ಮ ಬೀದಿಯನ್ನು ಸುಮ್ಮನೆ ಬಿಟ್ಟು ಹೋಗಿದ್ದು ನೆನಪಿಲ್ಲ.

ಮೊದಲು ಬೀದಿಯ ವಿಷಯ ಹೇಳಿಬಿಡುತ್ತೇನೆ. ಕೆ.ಆರ್. ಪುರಂ ಕಡೆ, ಏರಿನಲ್ಲೊಂದು ಬೀದಿ, ಇಳಿಜಾರಿನಲ್ಲೊಂದು ಬೀದಿ. ಮೇಲಿನ ಬೀದಿಯಲ್ಲಿ ಒಗ್ಗರಣೆ ಹಾಕಿದರೆ ಕೆಳಗಿನ ಬೀದಿಯವರು ಸೀನಬೇಕು, ಅಷ್ಟು ಹತ್ತಿರ. ಆದರೆ ಮೇಲೆ ಟಾರು, ಸಿಮೆಂಟ್ ಚರಂಡಿ, ಬೀದಿ ದೀಪ. ಕೆಳಗೆ ಮಣ್ಣು, ಹೊಂಡ, ಮತ್ತೆ ಮಣ್ಣು. ನಮ್ಮದು ಕೆಳಗಿನ ಬೀದಿಯ ಕೊನೆಯ ಮನೆ. ಮಳೆ ಬಂದರೆ ಎರಡೂ ಬೀದಿಯ ನೀರು ನಮ್ಮ ನಡುಮನೆಯಲ್ಲೇ ಭೇಟಿಯಾಗುತ್ತಿತ್ತು.

ನಮ್ಮತ್ತೆಗೆ ಒಂದು ಕಾಲು ಸ್ವಾಧೀನವಿರಲಿಲ್ಲ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೆವು. ನಾನು ಹಗಲೆಲ್ಲ ಜೋಗುಪಾಳ್ಯದ ಶಾಲೆಯಲ್ಲಿ, ನಮ್ಮವರು ಕಾರ್ಖಾನೆಯಲ್ಲಿ, ಅವರು ಒಬ್ಬರೇ ಮನೆಯಲ್ಲಿ. ಶಾಲೆಯ ಕಿಟಕಿಯಲ್ಲಿ ಮೋಡ ಕಂಡರೆ ನನಗೆ ಮಗ್ಗಿ ಮರೆತುಹೋಗುತ್ತಿತ್ತು.

೧. ನಿಯೋಗ

ಮೇಲಿನ ಬೀದಿಗೆ ಎಲ್ಲ ಸಿಕ್ಕಿದ್ದು ಯಾಕೆ ಎಂಬುದಕ್ಕೆ ನಮ್ಮ ಬೀದಿಯ ರಿಟೈರ್ಡ್ ಬಸ್ ಕಂಡಕ್ಟರ್ ಬಳಿ ಒಂದೇ ಉತ್ತರವಿತ್ತು.

"ಓಟು ಟೀಚರಮ್ಮ, ಓಟು! ಅವ್ರು ಹಳೇ ಊರಿನೋರು, ಎಲ್ಲಾ ಒಂದೇ ಕಡೆ ಹಾಕ್ತಾರೆ. ನಮ್ಮಲ್ಲಿ ತಮಿಳು ಮಾತಾಡೋರು ಒಂದು ಕಡೆ, ನಾವು ಒಂದು ಕಡೆ, ಬುದ್ಧನ ಪೂಜೆ ಮಾಡೋ ಮನೆಗಳು ಇನ್ನೊಂದು ಕಡೆ, ಬಾಡಿಗೆ ರೂಮಿನೋರು ಯಾವ ಕಡೇನೂ ಇಲ್ಲ. ಹಿಂಗಾದ್ರೆ ಯಾವನು ಚರಂಡಿ ಮಾಡ್ತಾನೆ?"

ಅವರದೇ ಮುಂದಾಳತ್ವದಲ್ಲಿ ಎಂಟು ಜನ ಶಾಸಕರ ಮನೆಗೆ ಹೋದೆವು. ಆಗಿನ್ನೂ ಚೀಟಿಯ ಕಾಲ. ಎಲ್ಲ ಬೂತಿನ ಚೀಟಿಗಳನ್ನು ಕಲೆಸಿ ಎಣಿಸುತ್ತಿದ್ದರು, ಯಾವ ಬೀದಿ ಯಾರಿಗೆ ಹಾಕಿತು ಎಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಆ ಧೈರ್ಯದಲ್ಲಿ ಕಂಡಕ್ಟರು, "ನಮ್ಮ ಬೀದಿ ಪೂರ್ತಿ ನಿಮ್ಗೇ ಹಾಕಿದ್ದು ಸಾರ್, ಒಂದೂ ಆಚೆ ಈಚೆ ಇಲ್ಲ" ಎಂದುಬಿಟ್ಟರು.

ಶಾಸಕರು ಖುಷಿಯಾಗಿ ಒಬ್ಬೊಬ್ಬರನ್ನೇ ನೋಡುತ್ತ, "ನೀವೂನಾ? ನೀವೂನಾ?" ಎಂದು ಕೇಳುತ್ತ ಬಂದರು. ನಾವೆಲ್ಲ ತಲೆಯಾಡಿಸಿದೆವು. ಕೊನೆಯಲ್ಲಿ ನಿಂತಿದ್ದವನು ರಾಯಚೂರು ಕಡೆಯ ಗಾರೆ ಮೇಸ್ತ್ರಿ, ನಮ್ಮ ಪಕ್ಕದ ಬಾಡಿಗೆ ರೂಮಿನವನು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಇಲ್ರಿ ಸಾಹೇಬ್ರ. ನಮ್ದು ಓಟು ಊರಾಗ ಐತ್ರಿ. ಆದ್ರ ನೀರು ಮಾತ್ರ ಇಲ್ಲೇ ಬರ್ತೈತ್ರಿ."

"ಹಾಗಾದ್ರೆ ನೀರನ್ನೂ ಊರಿಗೇ ತಗೊಂಡು ಹೋಗಪ್ಪ" ಎಂದು ಹೇಳಿ ಶಾಸಕರು ಒಳಗೆ ಹೋದರು.

೨. ಕೊಡೆ

ಒಮ್ಮೆ ಹಲಸೂರಿನ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ ಬಂತು. ಬೆಳಿಗ್ಗೆ ಬಿಸಿಲಿತ್ತು. ಹನ್ನೊಂದರ ಹೊತ್ತಿಗೆ ಕೋಣೆಯಲ್ಲಿ ಬೆಳಕು ಕಮ್ಮಿಯಾಯಿತು. ನಾನು ಕೂತಲ್ಲಿಂದ ಆಕಾಶ ಕಾಣದು, ಎದ್ದು ಹೋಗುವಂತಿಲ್ಲ. ಮನೆಯಲ್ಲಿ ಅತ್ತೆ ಒಬ್ಬರೇ. ತಡೆಯಲಾರದೆ ಬೆರಳು ನೀಡಿದ ಪ್ರತಿಯೊಬ್ಬರನ್ನೂ ಮೆಲ್ಲಗೆ ಕೇಳತೊಡಗಿದೆ: "ಕೊಡೆ ತಂದಿದ್ದೀರಾ?"

ಮೋಡವಿದ್ದರೆ ತಂದಿರುತ್ತಾರೆ, ಇಲ್ಲವಾದರೆ ಇಲ್ಲ ಎಂಬುದು ನನ್ನ ಲೆಕ್ಕ.

ಅರ್ಧ ಗಂಟೆ ಕಳೆದಿರಬಹುದು. ಅಭ್ಯರ್ಥಿಗಳ ಏಜೆಂಟರಲ್ಲಿ ಇಬ್ಬರು ಒಟ್ಟಿಗೆ ಎದ್ದು ನಿಂತರು. "ಎನ್ನಮ್ಮಾ ಇದು? ಬಂದೋರಿಗೆಲ್ಲ ಕೊಡೆ ಕೊಡೆ ಅಂತ ಹೇಳ್ಕೊಡ್ತಾ ಇದ್ದೀರಲ್ಲ!"

ಆ ಸಲ ಒಬ್ಬ ಪಕ್ಷೇತರನಿಗೆ ಕೊಡೆ ಗುರುತು ಸಿಕ್ಕಿತ್ತಂತೆ. ಶಾಯಿ ಕಡ್ಡಿ ಕೆಳಗಿಟ್ಟೆ. ಸಸ್ಪೆಂಡು, ವಿಚಾರಣೆ, ಎಲ್ಲ ಕಣ್ಣೆದುರು ಬಂದವು. ಬೆಳಿಗ್ಗೆಯಿಂದ ಜೋಲುಮುಖ ಹಾಕಿ ಕೂತಿದ್ದ ಆ ಪಕ್ಷೇತರನ ಏಜೆಂಟು ಮಾತ್ರ ನನ್ನ ಕಡೆ ನೋಡಿ ಕೈ ಮುಗಿದು, "ಅಕ್ಕಾ, ಕಾಫಿ ತರ್ಸ್ಲಾ?" ಎಂದ. ಅಲ್ಲಿಗೆ ಇದ್ದಬದ್ದ ಅನುಮಾನವೂ ಖಾತ್ರಿಯಾಯಿತು.

ಮತಗಟ್ಟೆಯ ಮುಖ್ಯಾಧಿಕಾರಿ ಒಳ್ಳೆಯವರು. ಎಲ್ಲರನ್ನೂ ಸಮಾಧಾನ ಮಾಡಿ ನನ್ನ ಬಳಿ ಬಂದು, "ಮೇಡಂ, ಇವತ್ತು ಪೂರ್ತಿ ಆ ಪದಾರ್ಥದ ಸುದ್ದಿ ಬೇಡ" ಎಂದರು.

ಸಂಜೆ ಪೆಟ್ಟಿಗೆ ಒಪ್ಪಿಸಿ ಹೊರಬಿದ್ದಾಗ ಧೋ ಎಂದು ಮಳೆ. ನೆನೆದುಕೊಂಡೇ ಬಸ್ ಸ್ಟಾಪಿನವರೆಗೆ ಓಡಿದೆ. ನನ್ನ ಚೀಲದಲ್ಲಿ ಕೊಡೆ ಇತ್ತು, ಬಿಚ್ಚುವ ಧೈರ್ಯ ಬರಲಿಲ್ಲ.

೩. ಇಳಿಜಾರು

ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಎಂಜಿನಿಯರ್. ಪೇರೆಂಟ್ಸ್ ಮೀಟಿಂಗಿಗೆ ಬಂದವರನ್ನು ಮಗಳ ಗಣಿತ ಬಿಟ್ಟು ನಮ್ಮ ಚರಂಡಿಯ ಬಗ್ಗೆ ಕೇಳಿದೆ. ಪಾಪ, ಒಂದು ಭಾನುವಾರ ಸ್ಕೂಟರಿನಲ್ಲಿ ಬಂದು ಎರಡೂ ಬೀದಿ ನಡೆದು ನೋಡಿದರು. ಕಂಡಕ್ಟರೂ ಜೊತೆಗಿದ್ದರು.

"ಓಟೂ ಇಲ್ಲ, ಗೀಟೂ ಇಲ್ಲ ಮೇಡಂ" ಎಂದರು ಎಂಜಿನಿಯರ್. "ಮೇಲಿನ ಬೀದಿ ಚರಂಡಿಗೆ ಪಕ್ಕದಲ್ಲೇ ರಾಜಕಾಲುವೆ ಸಿಗತ್ತೆ, ಸುಲಭದ ಕೆಲಸ. ನಿಮ್ಮದು ತಗ್ಗು, ನೀರನ್ನ ಸುತ್ತು ಹಾಕ್ಸಿ ದೂರ ಸಾಗಿಸ್ಬೇಕು. ಕಷ್ಟದ ಕೆಲಸ ಅಂತ ಯಾರೂ ಕೈ ಹಾಕಿಲ್ಲ, ಅಷ್ಟೆ."

ನನಗೆ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತು. ಯಾರ ತಪ್ಪೂ ಅಲ್ಲವಲ್ಲ! ಕಂಡಕ್ಟರು ಎಲ್ಲವನ್ನೂ ಗಮನವಿಟ್ಟು ಕೇಳಿದರು, ಸ್ಕೂಟರು ಮರೆಯಾಗುವವರೆಗೆ ಕಾದರು, ಆಮೇಲೆ ನನ್ನ ಕಡೆ ಬಗ್ಗಿ ಕೇಳಿದರು:

"ಈ ವಯ್ಯ ಯಾವ ಪಾರ್ಟಿ?"

೪. ಮೇಲಿನವರ ಸಂಕಟ

ಹಾಲಿನ ಬೂತಿನ ಕ್ಯೂನಲ್ಲಿ ದಿನಾ ಸಿಗುತ್ತಿದ್ದ ಮೇಲಿನ ಬೀದಿಯ ಹೆಂಗಸೊಬ್ಬರು ಒಂದು ಬೆಳಿಗ್ಗೆ ನಿಟ್ಟುಸಿರು ಬಿಟ್ಟು, "ನೀವೇ ಪುಣ್ಯವಂತರು ರೀ" ಎಂದರು. ತಮಾಷೆಯೆಂದುಕೊಂಡೆ. ಇಲ್ಲ, ಕಣ್ಣಲ್ಲಿ ನೀರಿತ್ತು.

"ನಿಮ್ ಬೀದಿಗೆ ನೀರಿನ ಟ್ಯಾಂಕರ್ ಬರತ್ತೆ. ರೇಷನ್ ಅಂಗಡಿ ನಿಮ್ಮಲ್ಲಿ, ಅಂಗನವಾಡಿ ನಿಮ್ಮಲ್ಲಿ. ನೀವು ಹಂಚಿ ಹಂಚಿ ಓಟ್ ಹಾಕ್ತೀರ, ಅದಕ್ಕೆ ಎಲ್ಲಾ ಪಾರ್ಟಿಯೋರೂ ನಿಮ್ಮ ಹಿಂದೆ ಬೀಳ್ತಾರೆ. ನಾವು ಒಂದೇ ಕಡೆ ಹಾಕ್ತೀವಿ ಅಂತ ಗೊತ್ತಾಗ್ಬಿಟ್ಟಿದೆ, ಕ್ಯಾರೇ ಅನ್ನಲ್ಲ. ಟಾರು ಕಿತ್ತು ಎರಡು ವರ್ಷ ಆಯ್ತು, ಬಂದು ನೋಡಿದ್ರಾ?"

ನಾವು ಅವರನ್ನು ನೋಡಿ ಹೊಟ್ಟೆ ಉರಿದುಕೊಂಡರೆ, ಅವರು ನಮ್ಮನ್ನು ನೋಡಿ!

ಆ ಚುನಾವಣೆಗೆ ಮೇಲಿನ ಬೀದಿಯವರು ನಮ್ಮಂತೆಯೇ ಓಟು ಒಡೆಯಬೇಕೆಂದು ತೀರ್ಮಾನಿಸಿದರು. ಆದರೆ ಅಭ್ಯಾಸಬಲ ನೋಡಿ. ಸಮುದಾಯ ಭವನದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಒಂದು, ಎರಡು, ಮೂರು ಎಂದು ನಂಬರು ಹೇಳಿಸಿ, ಒಂದನೆಯವರೆಲ್ಲ ಈ ಪಕ್ಷ, ಎರಡನೆಯವರೆಲ್ಲ ಆ ಪಕ್ಷ ಎಂದು ಹಂಚಿದರಂತೆ. ಒಬ್ಬರೂ ತಪ್ಪದೆ ಹಾಗೆಯೇ ಹಾಕಿದರು. ಒಡೆದುಹೋಗುವುದನ್ನೂ ಅವರು ಒಗ್ಗಟ್ಟಾಗಿಯೇ ಮಾಡಿದರು.

೫. ಮಷೀನು

ಆಮೇಲೆ ಮಷೀನು ಬಂತು. ಅದರ ಜೊತೆಗೆ ಭಯವೂ ಬಂತು. ಬೂತ್‌ಗೊಂದು ಮಷೀನು, ಬೂತ್‌ಗೊಂದು ಲೆಕ್ಕ. ನಮ್ಮ ಬೀದಿ, ಅದರ ಹಿಂದಿನ ಓಣಿ ಸೇರಿ ಒಂದು ಬೂತು. ಇನ್ನು ಯಾರಿಗೆ ಎಷ್ಟು ಬಿತ್ತು ಎಂಬುದು ಮಧ್ಯಾಹ್ನದೊಳಗೆ ಎಲ್ಲರ ಜೇಬಿನಲ್ಲಿರುತ್ತದೆ.

ಕಂಡಕ್ಟರು ಮನೆಮನೆಗೆ ಹೋದರು. "ಈ ಸಲ ಒಂದೂ ಒಡೀಬಾರ್ದು. ಹತ್ತು ವರ್ಷದಿಂದ ಗೆಲ್ತಾ ಇರೋ ಶಾಸಕರಿಗೇ ಎಲ್ಲಾ ಹಾಕೋಣ. ಗೆದ್ದ ದಿನಾನೇ ಬೂತಿನ ಲೆಕ್ಕ ತೋರ್ಸಿ ಚರಂಡಿ ಕೇಳೋಣ." ಅಷ್ಟರಲ್ಲಿ ಅತ್ತೆಯ ಮಂಚದ ಕೆಳಗೆ ಮೂರನೆಯ ಇಟ್ಟಿಗೆ ಸೇರಿತ್ತು. ಎಲ್ಲರಿಗಿಂತ ಮೊದಲು ಹೂಂ ಎಂದವಳು ನಾನೇ.

ಮತದಾನದ ದಿನ ನಾನು ಡ್ಯೂಟಿಯಲ್ಲಿದ್ದೆ, ನಡೆದದ್ದನ್ನು ನಮ್ಮವರು ಹೇಳಿದ್ದು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಂಡು ಹೋದರಂತೆ. ಅತ್ತೆ ಗುಂಡಿ ಒತ್ತಿದರು. ಮಷೀನು "ಕೂಂಯ್" ಎಂದು ಉದ್ದಕ್ಕೆ ಕೂಗಿತು. ಅತ್ತೆ ಬೆಚ್ಚಿಬಿದ್ದು, "ತಪ್ಪಾಯ್ತಪ್ಪ, ತಪ್ಪಾಯ್ತು" ಎಂದು ಮಷೀನಿಗೆ ಕೈ ಮುಗಿದರು.

ಹೊರಗೆ ಕಾಯುತ್ತಿದ್ದ ಕಂಡಕ್ಟರು ಆತಂಕದಿಂದ ಕೇಳಿದರು: "ಅಜ್ಜಿ, ಹೇಳ್ದಂಗೇ ಹಾಕಿದ್ರಿ ತಾನೆ?"

"ಅಷ್ಟು ಜೋರಾಗಿ ಕೂಗಿ ಹೇಳ್ತಲ್ಲಪ್ಪ ಅದು" ಎಂದರು ಅತ್ತೆ. "ನಿಂಗೆ ಕೇಳಿಸ್ಲಿಲ್ವಾ?"

೬. ಒಂದು

ಫಲಿತಾಂಶ ಬಂತು. ಹತ್ತು ವರ್ಷದಿಂದ ಗೆಲ್ಲುತ್ತಿದ್ದವರು ಸೋತರು. ನಮ್ಮ ಬೂತಿನ ಹೆಚ್ಚುಕಮ್ಮಿ ಅಷ್ಟೂ ಓಟು ಅವರಿಗೇ ಬಿದ್ದಿತ್ತು. ಹೊಸದಾಗಿ ಗೆದ್ದವರಿಗೆ ಬಿದ್ದದ್ದು ಒಂದು. ಒಂದೇ ಒಂದು.

ಬೀದಿಯಲ್ಲಿ ಸಾವಿನ ಮನೆಯ ಕಳೆ. ಜೀವಮಾನದಲ್ಲಿ ಮೊದಲ ಸಲ ಒಗ್ಗಟ್ಟಾಗಿದ್ದೆವು, ಅದೂ ಸೋಲುವವನ ಹಿಂದೆ. ಮಳೆಗಾಲಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಇನ್ನು ಐದು ವರ್ಷ ಈ ಕಡೆ ಯಾರು ತಿರುಗಿ ನೋಡುತ್ತಾರೆ ಎಂದು ಯೋಚಿಸಿ ನನಗೆ ಅನ್ನ ಸೇರಲಿಲ್ಲ.

ನಾಲ್ಕು ದಿನಕ್ಕೆ ಹೊಸ ಶಾಸಕರು ಕೃತಜ್ಞತೆ ಹೇಳಲು ಬಂದರು. ಮೇಲಿನ ಬೀದಿಯಲ್ಲಿ ಹಾರ, ಪಟಾಕಿ. ನಮ್ಮ ಬೀದಿಯ ಬಾಯಲ್ಲಿ ಕೆಸರಿತ್ತು, ಜೀಪು ಅಲ್ಲೇ ನಿಂತಿತು. ಅವರು ಮೈಕು ಹಿಡಿದರು.

"ಈ ಬೀದೀಲಿ ನನಗೆ ಒಂದು ಓಟು ಬಿದ್ದಿದೆ. ಬೀದಿಯೆಲ್ಲ ಒಂದು ಕಡೆ ಇದ್ದಾಗ ನನ್ನ ಕೈ ಬಿಡದ ಆ ಒಬ್ಬರು ಯಾರೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ನಮ್ಮನೆಗೆ ಬನ್ನಿ. ನಿಮ್ಮ ಮನೆ ಮುಂದೆ ಚರಂಡಿ ಮಾಡಿಸೋದೇ ನನ್ನ ಮೊದಲನೇ ಕೆಲಸ."

ಎಲ್ಲರೂ ನೆಲ ನೋಡುತ್ತ ಮನೆಯೊಳಗೆ ಹೋದೆವು.

ಮತದಾನ ಗುಪ್ತವಾಗಿರಬೇಕು ಎಂದು ವರ್ಷ ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಅದಿರಲಿ, ಆ ಸಲ ಡ್ಯೂಟಿ ಶಿವಾಜಿನಗರದಲ್ಲಿ ಬಿದ್ದು, ಅಂಚೆ ಮತದ ಅರ್ಜಿಯೂ ತಡವಾಗಿ, ನಾನು ಓಟನ್ನೇ ಹಾಕಿರಲಿಲ್ಲ. ಆದರೂ ಬೆಳಿಗ್ಗೆ ಆರಕ್ಕೆ ಎದ್ದು, ಕೊತ್ತಂಬರಿ ಸೊಪ್ಪು ತರುತ್ತೇನೆಂದು ನಮ್ಮವರಿಗೆ ಹೇಳಿ ಹೊರಟೆ. ದಾರಿಯುದ್ದಕ್ಕೂ "ಅದು ನಾನೇ ಸಾರ್" ಎಂಬ ಮೂರು ಮಾತನ್ನು ಉರು ಹೊಡೆದೆ. ನಾಚಿಕೆಯಾಗುತ್ತಿತ್ತು. ನೀರಿನ ನಡುವೆ ಮಂಚದ ಮೇಲೆ ಕೂತ ಅತ್ತೆಯ ಮುಖ ನೆನಪಾದರೆ ನಾಚಿಕೆ ಹಿಂದೆ ಸರಿಯುತ್ತಿತ್ತು.

ಶಾಸಕರ ಗೇಟಿನ ಬಳಿ ಆಗಲೇ ಉದ್ದನೆಯ ಕ್ಯೂ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ, ಎಲ್ಲರೂ ಕಾಂಪೌಂಡ್ ಗೋಡೆಯನ್ನೇ ನೋಡುತ್ತಿದ್ದಾರೆ. ಹತ್ತಿರ ಹೋಗಿ ನೋಡಿದರೆ, ಅಷ್ಟೂ ಜನ ನಮ್ಮ ಬೀದಿಯವರೇ. ಎಲ್ಲರಿಗಿಂತ ಮುಂದೆ ಕಂಡಕ್ಟರು. ಮಧ್ಯದಲ್ಲಿ, ಊರಲ್ಲಿ ಓಟಿರುವ ಗಾರೆ ಮೇಸ್ತ್ರಿಯೂ ಇದ್ದ. ನನ್ನ ಮುಂದೆ ನಿಂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದವರು, ಕಾರ್ಖಾನೆಗೆ ಬೇಗ ಹೋಗಬೇಕೆಂದು ನನಗಿಂತ ಐದು ನಿಮಿಷ ಮೊದಲೇ ಮನೆ ಬಿಟ್ಟಿದ್ದ ನಮ್ಮ ಯಜಮಾನರು.

"ಕೊತ್ತಂಬರಿ ಇಲ್ಲಿ ಸಿಗತ್ತಾ?" ಎಂದರು ಟವೆಲ್ಲಿನೊಳಗಿಂದ.

ಶಾಸಕರು ಹೊರಗೆ ಬಂದು ಒಬ್ಬೊಬ್ಬರನ್ನೂ ಕೇಳಿದರು. ಕಂಡಕ್ಟರು ಎದೆ ಮುಟ್ಟಿಕೊಂಡು ಹೇಳಿದರು. ಹಿಂದಿನವರು ದೇವರ ಮೇಲೆ ಆಣೆ ಇಟ್ಟು ಹೇಳಿದರು. ನನ್ನ ಸರದಿ ಬಂತು.

"ನೀವು ಟೀಚರ್ ಅಲ್ವಾ? ಎಲೆಕ್ಷನ್ ದಿನ ಡ್ಯೂಟಿ ಎಲ್ಲಿತ್ತು?"

"ಶಿವಾಜಿನಗರ" ಎಂದು ಬಾಯಿಗೆ ಬಂದುಬಿಟ್ಟಿತು. ಆಮೇಲೆ ಏನೂ ಉಳಿಯಲಿಲ್ಲ. "ಸಾರ್, ನಾನು ಓಟೇ ಹಾಕಿಲ್ಲ. ಸುಳ್ಳು ಹೇಳೋಕೇ ಬಂದೆ. ಮಳೆ ಬಂದ್ರೆ ಮನೆಯೊಳಗೆ ನೀರು ನುಗ್ಗತ್ತೆ. ಕಾಲು ಸ್ವಾಧೀನ ಇಲ್ಲದ ಅತ್ತೆ ಒಬ್ರೇ ಇರ್ತಾರೆ. ಶಾಲೇಲಿ ನನ್ನ ಜೀವ ನನ್ನ ಹತ್ರ ಇರಲ್ಲ ಸಾರ್." ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

ಮೇಸ್ತ್ರಿ ಕೆಮ್ಮಿದ. "ನಮ್ದೂ ಸುಳ್ಳೇ ರಿ ಸಾಹೇಬ್ರ." ಒಬ್ಬೊಬ್ಬರೇ ತಲೆ ತಗ್ಗಿಸಿದರು. ಕಂಡಕ್ಟರು ಮಾತ್ರ ಗೋಡೆ ನೋಡುತ್ತಲೇ ಇದ್ದರು.

ಶಾಸಕರು ಕ್ಯೂ ಕೊನೆಯವರೆಗೆ ಒಮ್ಮೆ ಕಣ್ಣಾಡಿಸಿ, ಕೆಲಸ ಮಾಡಿಸುವವನನ್ನು ಕರೆದರು. ಅವನು ಪುಸ್ತಕ ಬಿಚ್ಚಿ, "ಯಾವ ಮನೆ ಮುಂದೆ ಅಗೀಬೇಕು ಸಾರ್?" ಎಂದು ಕೇಳಿದ.

"ಆ ಓಟು ಹಾಕಿದ ಮನೆ ಮುಂದೆ" ಎಂದರು. "ಅದು ಯಾವುದು ಅಂತ ಗೊತ್ತಾಗೋವರೆಗೂ ಒಂದೊಂದೇ ಮನೆ ಮುಂದೆ ಅಗೀತಾ ಹೋಗು. ಕೊನೇ ಮನೆಯಿಂದ ಶುರು ಮಾಡು."

ಆ ವರ್ಷದ ಮೊದಲ ಮಳೆ ಬಂದ ದಿನ ನಾನು ಎರಡು ಬಸ್ಸು ಬದಲಿಸಿ ಮನೆಗೆ ಓಡಿಬಂದೆ. ನಡುಮನೆ ಒಣಗಿತ್ತು. ಅತ್ತೆ ಗೊರಕೆ ಹೊಡೆಯುತ್ತಿದ್ದರು. ನಾನು ಹೊಸಿಲ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತುಕೊಂಡೆ.

ಆ ಓಟು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ಬಾಯಿ ಬಿಡಬೇಡಿ, ಹಿಂದಿನ ಓಣಿಯಲ್ಲಿ ಇನ್ನೂ ಅಗೆಯುತ್ತಿದ್ದಾರೆ.