ಗುರುಪಾದಸ್ವಾಮಿಯ ರೈಲ್ವೆ ಲೇಔಟ್

ತಪ್ಪೆಲ್ಲ ‘ಲೇಔಟ್’ ಎಂಬ ಒಂದು ಮಾತಿನದು. ಆ ಭಾನುವಾರ ಬೆಳಿಗ್ಗೆ ಗುರುಪಾದಸ್ವಾಮಿ ‘ಆಟದ ರೈಲಿಗೆ ಹಳಿ ಜೋಡಿಸೋ ನಕ್ಷೆ’ ಅಂತ ನೆಟ್ಟಗೆ ಹೇಳಿದ್ದರೆ ಅವನ ಪಾಡಿಗೆ ಅವನು ಇರಬಹುದಿತ್ತು. ಆದರೆ ಭಾಮೈದ ಕಾಗದದಲ್ಲಿ ಬರೆದಿದ್ದ ಇಂಗ್ಲಿಷ್ ಪದ ಬಾಯಿಗೆ ರುಚಿಯಾಗಿತ್ತು, ಅದನ್ನೇ ಆಡಿಬಿಟ್ಟ.

ತೊಂಬತ್ತನಾಲ್ಕನೇ ಇಸವಿಯ ಮಾತು ಇದು. ಗುರುಪಾದಸ್ವಾಮಿ ಕೊಳ್ಳೇಗಾಲದಲ್ಲಿ ಸರ್ವೆ ಇಲಾಖೆಯ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಕಂಡವರ ಹೊಲಗದ್ದೆಗಳ ನಕ್ಷೆ ಬರೆದೂ ಬರೆದೂ ಬೆನ್ನು ಬಾಗಿತ್ತು. ಅವನಿಗೆ ಇದ್ದದ್ದು ಒಂದೇ ಹುಚ್ಚು, ರೈಲು. ರೈಲೇ ಇಲ್ಲದ ಊರಲ್ಲಿ ಹುಟ್ಟಿದವನಿಗೆ ಇಂಥ ಹುಚ್ಚು ಯಾಕೆ ಹಿಡಿಯಬೇಕಿತ್ತೋ. ನಲವತ್ತಾರು ವರ್ಷದಲ್ಲಿ ಅವನು ರೈಲು ಹತ್ತಿದ್ದು ಮೂರೇ ಸಲ, ಅದರಲ್ಲಿ ಒಂದು ಸಲ ನಿಂತುಕೊಂಡೇ.

ಅವನ ಭಾಮೈದ ಶಿವಕುಮಾರಸ್ವಾಮಿ ಹಡಗಿನ ಕಂಪನಿಯಲ್ಲಿದ್ದ. ಈ ಸಲ ರಜೆಗೆ ಯಳಂದೂರಿಗೆ ಬರುವಾಗ ಭಾವನಿಗೆಂದು ಸಿಂಗಪುರದಿಂದ ಕರೆಂಟಿನ ರೈಲು ತಂದಿದ್ದ. ಒಂದು ಎಂಜಿನ್ನು, ನಾಲ್ಕು ಬೋಗಿ, ಒಂದು ಕಟ್ಟು ಹಳಿ. ಅದನ್ನು ತರಲೆಂದೇ ಗುರುಪಾದಸ್ವಾಮಿಯ ಹೆಂಡತಿ ಕೋಮಲ ಶನಿವಾರ ತವರಿಗೆ ಹೋಗಿದ್ದಳು, ಭಾನುವಾರ ಸಂಜೆಯ ಬಸ್ಸಿಗೆ ವಾಪಸ್ಸು. ಭಾಮೈದ ಮೊದಲೇ ಕಾಗದ ಹಾಕಿದ್ದ. ರೈಲು ಕೈಗೆ ಬರುವ ಮುಂಚೆ ಲೇಔಟನ್ನು ಕಾಗದದ ಮೇಲೆ ಬರೆದುಕೊಳ್ಳಿ ಭಾವ, ಮೊದಲನೇ ಸಲ ಮಾಡುವವರು ಆಸೆಬುರುಕರಾಗಬಾರದು, ಒಂದು ಮೊಟ್ಟೆಯಾಕಾರದ ಸುತ್ತು, ಬೋಗಿ ನಿಲ್ಲಿಸಲು ಪಕ್ಕಕ್ಕೊಂದು ಸೈಡಿಂಗು ಇದ್ದರೆ ಸಾಕು, ತಿರುವು ಬಿಗಿಯಾದರೆ ಬೋಗಿ ಹಳಿ ತಪ್ಪುತ್ತದೆ, ಹಲಗೆಯ ಯಾವ ಮೂಲೆಗಾದರೂ ಕೈ ಎಟಕುವಂತಿರಲಿ ಎಂದು.

ಕೋಮಲ ಕೂಡ ನಡುಮನೆಯ ಅರ್ಧ ಜಾಗ ಬಿಟ್ಟುಕೊಡಲು ಒಪ್ಪಿದ್ದಳು. ಅವಳು ಬರುವ ಹೊತ್ತಿಗೆ ನಕ್ಷೆ ಮುಗಿಸಿ, ರಾತ್ರಿ ಊಟಕ್ಕೆ ಮುಂಚೆ ಒಂದು ಸುತ್ತಾದರೂ ರೈಲು ಓಡಿಸಬೇಕೆಂಬುದು ಗುರುಪಾದಸ್ವಾಮಿಯ ಆಸೆ. ಜೀವನದಲ್ಲಿ ಅವನು ಹೆಚ್ಚಿಗೆ ಏನನ್ನೂ ಕೇಳಿದವನಲ್ಲ.

ಜಗಲಿ ಮೇಲೆ ಡ್ರಾಯಿಂಗ್ ಹಾಳೆ ಹಾಸಿಕೊಂಡು ಕೂತಿದ್ದಾಗ ಪಕ್ಕದ ಮನೆ ಶಿವರತ್ನಮ್ಮ ಗೋಡೆಯಾಚೆಯಿಂದ ಕತ್ತು ಹಾಕಿದರು.

“ಏನಪ್ಪಾ ಗುರುಪಾದ, ರಜಾ ದಿನಾನೂ ಆಪೀಸ್ ಕೆಲ್ಸವಾ?”

“ಆಫೀಸ್ದಲ್ಲ ಕಣಕ್ಕ. ರೈಲ್ವೆ ಲೇಔಟ್ ಮಾಡ್ತಿದೀನಿ.”

ಕೊಳ್ಳೇಗಾಲದಲ್ಲಿ ಲೇಔಟ್ ಅಂದರೆ ಒಂದೇ ಅರ್ಥ. ಯಾರದೋ ಹೊಲಕ್ಕೆ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಸೈಟು ಮಾಡಿ ಮಾರುವುದು. ಇನ್ನು ರೈಲ್ವೆ ಅಂದರೆ, ಊರಿಗೆ ರೈಲು ಬರುತ್ತದೆ ಬರುತ್ತದೆ ಎಂದು ತಾತಂದಿರ ಕಾಲದಿಂದ ಕೇಳಿಕೊಂಡು ಬಂದ ಜನ ಅವರು. ಇವೆರಡೂ ಒಟ್ಟಿಗೆ, ಅದೂ ಸರ್ವೆ ಆಫೀಸಿನವನ ಬಾಯಿಂದ ಬಿದ್ದರೆ ಇನ್ನು ಕೇಳಬೇಕೆ? ಎಲ್ಲಿ ಮಾಡುತ್ತೀಯಪ್ಪ ಎಂದು ಶಿವರತ್ನಮ್ಮ ಕೇಳಿದರು. ಇಲ್ಲೇ, ದೂರ ಏನಿಲ್ಲ ಎಂದ. ಯಾವಾಗ ಶುರು ಎಂದರು. ಕೋಮಲ ಬರಲಿ, ಇವತ್ತೇ ಎಂದ. ಹಾಗಾದರೆ ನಮಗೂ ಪೂರ್ವ ದಿಕ್ಕಿನದೊಂದು ಇರಲಿ ಎಂದರು. ಕೈವಾರದ ಮೊನೆಯಲ್ಲೇ ಕಣ್ಣಿಟ್ಟಿದ್ದ ಪುಣ್ಯಾತ್ಮ ಏನೆಂದು ಕೇಳಿಸಿಕೊಳ್ಳದೆ “ಹೂಂ” ಅಂದುಬಿಟ್ಟ.

ಕಾಲು ಗಂಟೆಯಲ್ಲಿ ಬೀದಿ ಕೊನೆಯ ಮನೆಯ ಚಿನ್ನಸ್ವಾಮಿ ಬಂದ. ಮೂಲ ಸತ್ಯಮಂಗಲದ ಕಡೆಯವನು, ಇಲ್ಲಿ ಸೈಟಿನ ಬ್ರೋಕರಿಕೆ. ಬಂದವನೇ ಚಪ್ಪಲಿ ಬಿಟ್ಟು ನಕ್ಷೆಯ ಮುಂದೆ ಮಂಡಿಯೂರಿದ.

ನಕ್ಷೆಯಾದರೂ ಹೇಗಿತ್ತು? ಕೈಗೆ ಹತ್ತಿದ ಅಭ್ಯಾಸ ಬಿಡಬೇಕಲ್ಲ. ಆಟದ ರೈಲಿನ ನಕ್ಷೆಗೂ ಗುರುಪಾದಸ್ವಾಮಿ ಉತ್ತರ ದಿಕ್ಕಿನ ಬಾಣ ಹಾಕಿದ್ದ, ಅಳತೆಯ ಸ್ಕೇಲು ಬರೆದಿದ್ದ, ಕೆಳಗೆ ‘ತಯಾರಿಸಿದವರು’ ಎಂದು ರುಜು ಮಾಡಿ ತಾರೀಕು ಹಾಕಿದ್ದ. ಮೊಟ್ಟೆಯಾಕಾರದ ಒಂದು ಬದಿಗೆ ‘ಕೊಳ್ಳೇಗಾಲ ಜಂಕ್ಷನ್’, ಇನ್ನೊಂದು ಬದಿಗೆ ‘ಮಧುವನಹಳ್ಳಿ’, ಸೈಡಿಂಗಿಗೆ ‘ಬಂಡಳ್ಳಿ ಗೂಡ್ಸ್’. ಬೆಂಕಿಪೊಟ್ಟಣದಲ್ಲಿ ಪುಟ್ಟ ಪುಟ್ಟ ಮನೆ ಮಾಡಿ ನಿಲ್ಲಿಸಲೆಂದು ಹಳಿಯ ಪಕ್ಕದಲ್ಲಿ ಇಪ್ಪತ್ತನಾಲ್ಕು ಚೌಕ ಬರೆದು ನಂಬರನ್ನೂ ಕೊಟ್ಟಿದ್ದ.

ಚಿನ್ನಸ್ವಾಮಿ ಚೌಕಗಳನ್ನು ಎಣಿಸಿದ. “ಇಪ್ಪತ್ನಾಕೇ ಸೈಟಾ ಸಾರ್?”

ಗುರುಪಾದಸ್ವಾಮಿ ತಾಳ್ಮೆಯಿಂದ ಎಲ್ಲವನ್ನೂ ಬಿಡಿಸಿ ಹೇಳಿದ. ಇದು ಆಟದ ರೈಲು, ಇಷ್ಟುದ್ದ ಎಂಜಿನ್ನು, ನಡುಮನೆಯಲ್ಲಿ ಹಲಗೆ ಮೇಲೆ ಓಡುತ್ತದೆ, ಸಂಜೆ ಹೆಂಡತಿ ತರುತ್ತಾಳೆ. ಚಿನ್ನಸ್ವಾಮಿ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ದನಿ ತಗ್ಗಿಸಿ, ಸರ್ಕಾರಿ ನೌಕರರು ಹಾಗೇ ಹೇಳಬೇಕು ಸಾರ್, ನಾನು ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ. ಬೀದಿಗಿಳಿದವನು ಬಾಯಿ ಮುಚ್ಚಲೇ ಇಲ್ಲ.

ಹನ್ನೊಂದರ ಹೊತ್ತಿಗೆ ಮಧುವನಹಳ್ಳಿಯಿಂದ ಕೆಂಪನಂಜಪ್ಪ ಸೈಕಲ್ ಮೇಲೆ ಬಂದ. ಹಿಂದಿನ ಕ್ಯಾರಿಯರಿನಲ್ಲಿ ಒಂದು ಬಾಳೆಗೊನೆ. ಅದನ್ನು ಜಗಲಿಗೆ ಒರಗಿಸಿ ಕೈ ಮುಗಿದ.

“ಸಾ, ರೈಲು ನಮ್ಮ ಒಲದ ಮ್ಯಾಲೇ ಓಯ್ತದಂತೆ. ಇರೋದೇ ಒಂದು ತುಂಡು ಕಣ್ ಸಾ. ವಸಿ ಅತ್ಲಾಗೆ ತಿರುಗ್ಸಿ.”

ಇದು ಆಟದ್ದು ಕಣಯ್ಯ ಎಂದರೆ ಆಟವಾಡಬೇಡಿ ಸಾ ಎಂದು ಕಣ್ಣೊರೆಸಿಕೊಂಡ. ನಿನ್ನ ಹೊಲ ಈ ಹಾಳೆಯಲ್ಲೇ ಇಲ್ಲ ಎಂದರೆ, ಅಯ್ಯೋ ಆಗಲೇ ಹೊಲವನ್ನೇ ಅಳಿಸಿಬಿಟ್ಟಿರಾ ಎಂದು ಗೋಳಾಡಿದ. ಇವನು ಎದ್ದು ಹೋದರೆ ಸಾಕೆನಿಸಿ ಗುರುಪಾದಸ್ವಾಮಿ ರಬ್ಬರು ತೆಗೆದುಕೊಂಡು ಮಧುವನಹಳ್ಳಿಯ ಬದಿಯ ಗೆರೆಯನ್ನು ಒಳಕ್ಕೆ ಎಳೆದ. ತಿರುವು ಬಿಗಿಯಾಯಿತು. ಬೋಗಿಗಳು ಅಲ್ಲಿ ಮಗುಚುವುದು ಗ್ಯಾರಂಟಿ. ಕೆಂಪನಂಜಪ್ಪ ಮಾತ್ರ ನಿಮ್ಮ ಮಕ್ಕಳು ಮರಿ ಚೆನ್ನಾಗಿರಲಿ ಎಂದು ಹರಸಿ, ಗೊನೆ ಬಿಟ್ಟು ಹೋದ.

ಒಂದೂವರೆಗೆ ಮತ್ತೆ ಬಂದ. ಹೊಲದ ಮೇಲೆ ರೈಲು ಹೋದರೆ ಸರ್ಕಾರ ಪರಿಹಾರ ಕೊಡುತ್ತದೆ, ಮನೆಗೊಂದು ನೌಕರಿಯನ್ನೂ ಕೊಡುತ್ತದೆ ಎಂದು ಅವನ ಅಣ್ಣ ಬೈದು ಕಳಿಸಿದ್ದನಂತೆ.

“ತಿರ್ಗ ನಮ್ಮ ಒಲದ ಮ್ಯಾಲೇ ಬಿಟ್ಬುಡಿ ಸಾ. ನಡುಮಧ್ಯಕ್ಕೇ ಓಗ್ಲಿ.”

ಗುರುಪಾದಸ್ವಾಮಿ ಹಲ್ಲು ಕಚ್ಚಿಕೊಂಡು ಮತ್ತೆ ಉಜ್ಜಿದ. ಹಾಳೆ ತೂತಾಯಿತು. ಅದೇ ಸಮಯಕ್ಕೆ ಶಿವರತ್ನಮ್ಮ ಬಂದು, ಸ್ಟೇಷನ್ನು ನಮ್ಮ ಮನೆಯ ಹತ್ತಿರ ಬೇಡ, ಹೊಗೆ ಬಂದರೆ ನಾನು ಹಪ್ಪಳ ಒಣಗಿಸುವುದೆಲ್ಲಿ ಎಂದು ತಗಾದೆ ತೆಗೆದರು. ಅವರ ಹಿಂದೆಯೇ ಚಿನ್ನಸ್ವಾಮಿ ಮತ್ತೆ ಬಂದು, ನಕ್ಷೆ ಒಂದು ದಿನದ ಮಟ್ಟಿಗೆ ಕೊಡಿ ಎಂದು ದುಂಬಾಲು ಬಿದ್ದ. ಮೂವರೂ ಒಟ್ಟಿಗೆ ಮಾತಾಡತೊಡಗಿದಾಗ ಗುರುಪಾದಸ್ವಾಮಿಗೆ ಪಿತ್ತ ನೆತ್ತಿಗೇರಿತು. ಹಾಳೆಯನ್ನು ಸುರುಳಿ ಸುತ್ತಿ ಚಿನ್ನಸ್ವಾಮಿಯ ಎದೆಗೆ ಒತ್ತಿದ.

“ತಗೊಂಡು ಹೋಗಿ ಮಾರಾಯ್ರೆ. ಇಪ್ಪತ್ನಾಲ್ಕೂ ನೀವೇ ಮಾರ್ಕೊಳ್ಳಿ. ನನ್ನನ್ನ ಬಿಟ್ಟುಬಿಡಿ.”

ಚಿನ್ನಸ್ವಾಮಿ ನಕ್ಷೆಯನ್ನು ಕಣ್ಣಿಗೊತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ನಕ್ಷೆಯೇ ಹೋದ ಮೇಲೆ ಉಳಿದವರಿಗೂ ಅಲ್ಲಿ ಕೆಲಸವಿರಲಿಲ್ಲ. ಗುರುಪಾದಸ್ವಾಮಿ ಬಾಗಿಲ ಚಿಲಕ ಹಾಕಿ, ಹೊಸ ಹಾಳೆ ಬಿಡಿಸಿದ. ಈ ಸಲ ಊರ ಹೆಸರು ಒಂದನ್ನೂ ಬರೆಯಲಿಲ್ಲ. ಅಗಲವಾದ ತಿರುವು, ಸಲೀಸಾದ ಸುತ್ತು, ಒಂದೇ ಒಂದು ಸೈಡಿಂಗು. ಐದು ಗಂಟೆಗೆಲ್ಲ ಮುಗಿಯಿತು. ಹಳೆ ಮಂಚದ ಹಲಗೆಯನ್ನು ಎರಡು ಸ್ಟೂಲಿನ ಮೇಲೆ ಜೋಡಿಸಿ, ನಾಲ್ಕು ಮೂಲೆಗೂ ಕೈ ಎಟಕುತ್ತದೆಯೇ ಎಂದು ಬಗ್ಗಿ ನೋಡಿ, ಪ್ಲಗ್ಗಿಗೆ ವೈರು ಎಳೆದಿಟ್ಟ. ಬೆಳಗಿನಿಂದ ಪಟ್ಟ ಪಾಡೆಲ್ಲ ಮರೆತುಹೋಗಿ, ತನ್ನಷ್ಟಕ್ಕೆ ತಾನೇ ನಗುತ್ತ ಗೇಟಿನ ಬಳಿ ಹೋಗಿ ನಿಂತ.

ಆರೂವರೆಗೆ ಕೋಮಲ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮೈಸೂರುಪಾಕಿನ ಪೊಟ್ಟಣ. ರೈಲಿನ ಪೆಟ್ಟಿಗೆ ಇರಲಿಲ್ಲ. ಬಸ್ಸಿನಲ್ಲೇ ಬಿಟ್ಟು ಬಂದೆಯಾ ಎಂದು ಗುರುಪಾದಸ್ವಾಮಿ ಕೇಳಿದ. ಕೋಮಲ ಅವನನ್ನು ಒಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದಳು.

“ಕಳ್ಳರು ಕಣ್ರಿ ನೀವು. ಇಷ್ಟು ದೊಡ್ಡ ವಿಷಯಾನ ಹೆಂಡ್ತಿ ಹತ್ರಾನೂ ಮುಚ್ಚಿಟ್ರಲ್ಲ? ಆಟದ ರೈಲಿನ ನಕ್ಷೆ ಅಂತ ಕತೆ ಕಟ್ಟಿ.”

ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಿನ್ನಸ್ವಾಮಿ ಕಲ್ಲುಬೆಂಚಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದನಂತೆ. ಸುತ್ತ ಜನವೋ ಜನ. ಮೊದಲು ಇವಳೂ ನಂಬಲಿಲ್ಲವಂತೆ. ಆದರೆ ಅಕ್ಷರ ಗಂಡನದು, ಕೆಳಗಿನ ರುಜುವೂ ಗಂಡನದು. ಕಟ್ಟಿಕೊಂಡವಳಿಗೆ ಅಷ್ಟೂ ಗುರುತು ಸಿಗುವುದಿಲ್ಲವೇ? ಇಪ್ಪತ್ತಮೂರು ಸೈಟು ಆಗಲೇ ಹೋಗಿ, ಜಂಕ್ಷನ್ನಿನ ಎದುರಿನ ಮೂಲೆ ಸೈಟು ಒಂದೇ ಉಳಿದಿತ್ತು.

“ಕೈಯಲ್ಲಿ ಬಸ್ ಚಾರ್ಜು ಬಿಟ್ರೆ ಏನಿರ್ಲಿಲ್ಲ. ಟೋಕನ್ ಅಡ್ವಾನ್ಸ್‌ಗೆ ಅಂತ ಆ ಪೆಟ್ಟಿಗೇನೇ ಕೊಟ್ಟೆ. ಫಾರಿನ್ ಸಾಮಾನು, ಆಗಬಹುದು ಅಂದ್ರು.” ರವಿಕೆಯೊಳಗಿಂದ ಒಂದು ಚೀಟಿ ತೆಗೆದು ಅವನ ಕೈಲಿಟ್ಟಳು. ಇಪ್ಪತ್ತನಾಲ್ಕನೇ ನಂಬರು. “ನಾಳೆ ನಿಜವಾದ ರೈಲೇ ಮನೆ ಮುಂದೆ ಓಡಾಡೋವಾಗ ಆಟದ್ದು ಯಾಕ್ರಿ ನಮಗೆ?”

ಗುರುಪಾದಸ್ವಾಮಿ ಬರಿಯ ಹಲಗೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಸರವಸರವಾಗಿ ಚಪ್ಪಲಿ ಮೆಟ್ಟಿಕೊಂಡು, ಈಗ ಚಿನ್ನಸ್ವಾಮಿ ಎಲ್ಲಿ ಎಂದು ಕೇಳಿದ.

“ಅಲ್ಲಿಂದ್ಲೇ ಸತ್ಯಮಂಗಲದ ಬಸ್ ಹತ್ತಿದ್ರು, ಪೆಟ್ಟಿಗೆ ತೊಡೆ ಮೇಲಿಟ್ಕೊಂಡು,” ಎಂದಳು ಕೋಮಲ. “ಈ ಬಸ್ಸಿನ ಸಹವಾಸ ಇದೇ ಕಡೆ ಕಣಮ್ಮ, ಕೊಳ್ಳೇಗಾಲಕ್ಕೆ ಇನ್ನು ವಾಪಸ್ ಬಂದ್ರೆ ರೈಲಲ್ಲೇ ಬರೋದು ಅಂದ್ರು.”