ನುಗ್ಗೆ ಹೂವಿಗೆ ದೃಷ್ಟಿಬೊಟ್ಟು

ಪಿಂಗಾಣಿ ಮಣ್ಣಿನಲ್ಲಿ ಹೂವು, ಎಲೆ, ಅಣಬೆ ಮಾಡುತ್ತೇನೆ ಅಂತ ಹೊಳೆನರಸೀಪುರದಲ್ಲಿ ಯಾರಿಗೆ ಹೇಳಿದರೂ ಮುಂದಿನ ಪ್ರಶ್ನೆ ಒಂದೇ: "ಅದು ಸರಿ, ಕೆಲ್ಸ ಏನ್ ಮಾಡ್ತೀರಾ?" ಹಿತ್ತಲ ಶೆಡ್ಡಿನಲ್ಲಿ ಕರೆಂಟಿನ ಭಟ್ಟಿ ಇಟ್ಟು ಹತ್ತು ವರ್ಷವಾಯಿತು. ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ.

ಬಸ್ಸಿನಲ್ಲಿ

ಹಾಸನಕ್ಕೆ ಹೊರಟಿದ್ದೆ, ತೊಡೆಯ ಮೇಲೆ ರಟ್ಟಿನ ಡಬ್ಬ. "ಏನಮ್ಮಾ ಅದ್ರಲ್ಲಿ?" ಅಂದರು ಕಂಡಕ್ಟರು. ಹಿಂದೊಮ್ಮೆ "ಕಲಾಕೃತಿ" ಅಂದದ್ದಕ್ಕೆ ಡಬ್ಬ ಸ್ಟೆಪ್ನಿ ಪಕ್ಕ ಹೋಗಿತ್ತು. ಈ ಸಲ "ಮೊಟ್ಟೆ" ಅಂದೆ.

ಆಹಾ, ಏನು ಮರ್ಯಾದೆ! ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಕಂಡಕ್ಟರು, "ನಿಧಾನ, ಮೊಟ್ಟೆ ಅವೆ" ಅಂತ ಡ್ರೈವರಿಗೆ ಕೂಗಿದರು. ಒಂದು ಎಸಳೂ ಮುರಿಯದೆ ಹಾಸನ ಸೇರಿದೆ. ಇಳಿಯುವಾಗ ಹಿಂದಿನ ಸೀಟಿನ ಹೆಂಗಸು ಸೆರಗು ಹಿಡಿದು ಕೇಳಿದರು: "ನಾಟಿ ಮೊಟ್ಟೆನಾ? ಒಂದತ್ತು ಕೊಟ್ಟೋಗಿ."

ಅಣಬೆ

ನಮ್ಮ ಅತ್ತೆ ಹೊಲಗದ್ದೆಯಲ್ಲಿ ಗೇದು ಬೆಳೆದವರು. ಮಣ್ಣು ಅಂದರೆ ಅವರಿಗೆ ರಾಗಿ, ಭತ್ತ. ಹತ್ತು ವರ್ಷದಲ್ಲಿ ನನ್ನ ಒಂದು ಕೆಲಸವನ್ನೂ ಚೆನ್ನಾಗಿದೆ ಅಂದಿರಲಿಲ್ಲ. ಊರೆಲ್ಲ ಹೊಗಳಿದರೂ ಆ ಒಂದು ಮಾತಿಗೆ ನನ್ನ ಜೀವ ಕಾಯುತ್ತಿತ್ತು.

ಒಂದು ಸಲ ಕಾಗದದಷ್ಟು ತೆಳ್ಳಗಿನ ಅಣಬೆಗಳ ಗುಂಪು ಮಾಡಿ ಹಜಾರದಲ್ಲಿಟ್ಟಿದ್ದೆ. ಅರಕಲಗೂಡಿನಿಂದ ಬಂದ ಅತ್ತೆಯ ತಂಗಿ ಕೇಳಿದರು: "ಇದು ಯಾವ ಕೆಲ್ಸುಕ್ಕೆ ಬತ್ತದಕ್ಕಾ?"

ಅತ್ತೆ ಅಂದರು: "ಏನುಕ್ಕೂ ಇಲ್ಲ ಕಣೆ. ಒಡೀದಂಗೆ ನೋಡ್ಕಳದೇ ಕೆಲ್ಸ."

ನುಗ್ಗೆ ಹೂವು

ಈ ವರ್ಷ ಹಿತ್ತಲ ನುಗ್ಗೆಮರ ನೋಡಿ ಅದರ ಹೂಗೊಂಚಲು ಮಾಡಿದೆ. ಮೂರು ಸಲ ಭಟ್ಟಿಯಲ್ಲಿ ಬಿರುಕು ಬಿಟ್ಟು, ನಾಲ್ಕನೆಯ ಸಲ ಉಳಿಯಿತು. ಅತ್ತೆ ಬಗ್ಗಿ ನೋಡಿ, "ಊಂ" ಅಂದು ಒಳಗೆ ಹೋದರು. ಪ್ಯಾಕ್ ಮಾಡಲು ಹುಲ್ಲು ತರೋಣ ಅಂತ ನಾನು ಕೊಟ್ಟಿಗೆಗೆ ಹೋದೆ. ಬಂದವಳೇ ಬಸ್ಸಿನ ಅವಸರದಲ್ಲಿ ಸರಿಯಾಗಿ ನೋಡದೆ ಹುಲ್ಲು ಸುತ್ತಿ ಡಬ್ಬಕ್ಕಿಟ್ಟೆ.

ಹಾಸನದ ಪ್ರದರ್ಶನದಲ್ಲಿ ಡಬ್ಬ ಬಿಚ್ಚಿದರೆ, ಅಚ್ಚ ಬಿಳಿ ಎಸಳಿನ ಮೇಲೆ ಕಡಲೆ ಗಾತ್ರದ ಕಪ್ಪು ಬೊಟ್ಟು. ಸೆರಗಿನಿಂದ ಒರೆಸಲು ಹೋದೆ. ಅಷ್ಟರಲ್ಲಿ ತೀರ್ಪುಗಾರರು ಬಂದು, "ಮುಟ್ಟಬೇಡಿ. ಇಡೀ ಕೃತಿಯ ಜೀವ ಅಲ್ಲೇ ಇದೆ" ಅಂದು ಐದು ನಿಮಿಷ ಕೈಕಟ್ಟಿ ನಿಂತರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಹೂವಿಗೆ ಕಾಡಿಗೆ ಇಟ್ಟಿದ್ದು ನೀವಾ?"

"ಇನ್ಯಾರು ಇಡ್ತಾರೆ? ಅಷ್ಟು ಚೆನ್ನಾಗಿರದ್ನ ಬೊಟ್ಟಿಕ್ಕದೆ ಕಳುಸ್ತಾರಾ? ನಾಕು ಜನದ ಕಣ್ಣು ಬಿದ್ರೆ ಒಡ್ದೋಗಲ್ವಾ?"

ಹತ್ತು ವರ್ಷ ಕಾದ ಮಾತು ಗದರಿಕೆಯ ನಡುವೆ ಬಂದುಬಿಟ್ಟಿತ್ತು. ನನ್ನ ಕಣ್ಣು ತುಂಬಿ ಬಂತು. ಆಸೆ ತಡೆಯದೆ ಕೇಳಿದೆ: "ಮತ್ತೆ ಆ ಅಣಬೆಗೆ ಯಾಕೆ ಇಡಲಿಲ್ಲ ಅತ್ತೆ?"

ಅತ್ತೆ ಅಂದರು: "ಅದುಕ್ಕೇನು ಬೇಕಾಗಿರ್ಲಿಲ್ಲ ಬುಡವ್ವ."