ಮರ್ಲ್‌ನನ್ನು ಮಣ್ಣು ಒಪ್ಪಲಿಲ್ಲ

ನನ್ನ ಗಂಡ ಮರ್ಲ್ ಸತ್ತ ಮೇಲೆ ಅವನ ಗಾಂಜಾ ಗಿಡಗಳನ್ನು ನಾನೇ ಸಾಕುತ್ತೇನೆಂದು ಸಾವಿಗೆ ಬಂದವರೆದುರೇ ಘೋಷಿಸಿದೆ. ಯಾರೂ ನಂಬಲಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಗಿಡಕ್ಕೇನು ಓದು ಬರುತ್ತದೆಯೇ?

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮನೆಗೆ ಆರು ಗಿಡ ಬೆಳೆಯಲು ಕಾನೂನೇ ಬಿಟ್ಟಿದೆ. ಆದರೆ ಮರ್ಲ್‌ಗೆ ಗಿಡಕ್ಕಿಂತ ಮಣ್ಣು ಮುಖ್ಯ. ಹಿಂದಿನ ಕೋಣೆಯಲ್ಲಿ, ದೀಪಗಳ ಕೆಳಗೆ, ಮಂಚದಷ್ಟು ದೊಡ್ಡ ಮರದ ಪೆಟ್ಟಿಗೆ. ಅದರಲ್ಲಿ ಅವನು ವರ್ಷಗಟ್ಟಲೆ ಅಗೆಯದೆ, ಬದಲಿಸದೆ ಸಾಕಿದ ಮಣ್ಣು. ಮೇಲೆ ಒಣಹುಲ್ಲಿನ ಹೊದಿಕೆ, ಒಳಗೆ ಎರೆಹುಳುಗಳ ಸಂಸಾರ. ನನ್ನ ಹುಟ್ಟುಹಬ್ಬ ಮರೆತಾನು, ಹುಳುಗಳ ಊಟ ಮರೆಯುತ್ತಿರಲಿಲ್ಲ!

"ಇದು ಜೀವಂತ ಮಣ್ಣು ಕಣೇ ವಿಲ್ಮಾ. ಅಂಗಡಿ ಗೊಬ್ಬರ ಹಾಕ್ಬೇಡ. ಜೀವ ಇದ್ದದ್ದು ಮಾತ್ರ ಹಾಕು" ಎಂದು ಆಸ್ಪತ್ರೆಯಲ್ಲೂ ಹೇಳಿದ್ದ. ಆ ಗಿಡಗಳು ಅವನು ಬಿತ್ತಿದ ಕೊನೆಯ ಬೀಜದವು. ಒಣಗಿದರೆ ಮುಗಿಯಿತು.

ಜೀವ ಇದ್ದದ್ದು. ಯೋಚಿಸಿದೆ. ಮರ್ಲ್‌ಗೂ ಜೀವ ಇತ್ತಲ್ಲ!

ಅವನ ಬೂದಿಯ ಡಬ್ಬಿ ತೆರೆದೆ. ಹುಲ್ಲು ಸರಿಸಿ, ಗಂಡನನ್ನು ಸಮವಾಗಿ ಹರಡಿ, ನೀರು ಹಾಕಿದೆ. ಇಂಥ ಉಪಾಯ ಭೂಮಂಡಲದಲ್ಲೇ ಯಾರಿಗೂ ಹೊಳೆದಿರಲಾರದು!

ವಾರದೊಳಗೆ ಎಲೆಗಳ ಅಂಚು ಸುಟ್ಟಂತೆ ಕಂದಾಯಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎರೆಹುಳುಗಳು ಪೆಟ್ಟಿಗೆ ಹತ್ತಿ ಇಳಿದು, ಕಾರ್ಪೆಟ್ ಮೇಲೆ ಗುಳೆ ಹೊರಟಿವೆ! ನಾದಿನಿ ಆರ್ಡಿಸ್‌ಗೆ ಫೋನ್ ಮಾಡಿದೆ. ಅವಳದೂ ಇದೇ ಬೇಸಾಯ.

ಬಂದವಳೇ ಮಣ್ಣು ಕೆದಕಿದಳು, ಮೂಸಿದಳು. "ಏನೇ ಇದು, ಬೂದು ಬೂದು? ಏನ್ ಹಾಕ್ದೆ?"

"ನಿಮ್ಮಣ್ಣನ್ನ."

ಆರ್ಡಿಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋಗಿ ನಿಂತಳು. "ಅಯ್ಯೋ ಮಾರಾಯ್ತಿ! ಹೆಣ ಸುಟ್ಟ ಬೂದಿ ಅಂದ್ರೆ ಬರೀ ಉಪ್ಪು, ಸುಣ್ಣ! ಮಣ್ಣು ಸಾಯುತ್ತೆ ಕಣೇ!"

"ಜೀವ ಇದ್ದದ್ದು ಹಾಕು ಅಂದಿದ್ದ."

"ತನ್ನನ್ನೇ ಹಾಕು ಅಂದಿದ್ನಾ?"

ಇಬ್ಬರೂ ಮಂಡಿಯೂರಿ ಚಮಚದಲ್ಲಿ ಮರ್ಲ್‌ನನ್ನು ಕೆರೆದು ತೆಗೆದೆವು. ಡಬ್ಬಿಯಲ್ಲಿ ಹಿಡಿಸಲಿಲ್ಲ. ಒದ್ದೆಯಾಗಿ, ಮಣ್ಣು ಮೆತ್ತಿಕೊಂಡು, ಮನುಷ್ಯ ದಪ್ಪಗಾಗಿದ್ದ. ಸೂಪ್ ಪಾತ್ರೆಗೆ ತುಂಬಿದೆವು. ಆರ್ಡಿಸ್ ತನ್ನ ಪೆಟ್ಟಿಗೆಯ ಮಣ್ಣು ತಂದು ಮೇಲೆ ಹರಡಿದಳು. ನಾನು ಹುಳುಗಳನ್ನು ಒಂದೊಂದಾಗಿ ಹೆಕ್ಕಿ, ಕ್ಷಮೆ ಕೇಳಿ, ಒಳಗೆ ಬಿಟ್ಟೆ.

ಎರಡು ಗಿಡ ಹೋದವು. ಉಳಿದವು ಚಿಗುರಿದವು. ಮಣ್ಣು ಬದುಕಿತು. ನೋಡಲು ಬಂದ ಆರ್ಡಿಸ್ ಹುಲ್ಲು ಸರಿಸಿ ನಕ್ಕಳು.

"ಹುಳುಗಳು ಆರಾಮಾಗಿವೆ ನೋಡು. ಒಂದ್ ವಾರ ತಡ್ಕೊಳ್ಳೋಕಾಗ್ಲಿಲ್ಲ ನಮ್ಮಣ್ಣನ್ನ! ನೀನು ಇಷ್ಟು ವರ್ಷ ಹೆಂಗೇ ತಡ್ಕೊಂಡೆ?"

ನಾನು ಹುಲ್ಲನ್ನು ಮತ್ತೆ ಮುಚ್ಚಿದೆ.

"ಈಗ ಎಲ್ಲಿಟ್ಟಿದ್ದೀಯ ಅವನ್ನ?"

"ಮಂಚದ ಪಕ್ಕ. ಅವನು ಮಲಗ್ತಿದ್ದ ಕಡೆ."

"ಸದ್ಯ, ಗೊರಕೆ ಕಾಟ ಇಲ್ಲ."

"ಅದಕ್ಕೇ ಕಣೇ, ನಿದ್ದೆ ಬರ್ತಿಲ್ಲ."